ಮನೆ ಮುಂದೆ ಹ್ಯಾಲೋವೀನ್: ಬೆಂಗಳೂರಿನ ಮಳೆಗೆ ಕರಗದ ದೆವ್ವಗಳನ್ನು ಮಾಡುವ ಬಗೆ

ದೆವ್ವ-ಭೂತಗಳ ಪಾಶ್ಚಾತ್ಯ ಹಬ್ಬ ಹ್ಯಾಲೋವೀನ್‌ಗೆಂದು ಅಕ್ಟೋಬರ್ 31ರ ಸಂಜೆ ಅಂಗಳದಲ್ಲಿ ದೆವ್ವ ನಿಲ್ಲಿಸಬೇಕೆಂದು ಹೊರಟವರು ಮೊದಲು ನೋಡಬೇಕಾದ್ದು ಆಕಾಶವನ್ನು. ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು. ಹಗಲೆಲ್ಲ ಬಿಸಿಲು ಕಾಯ್ದು, ಸಂಜೆ ಮಕ್ಕಳು ಚೀಲ ಹಿಡಿದು ಮಿಠಾಯಿ ಕೇಳುತ್ತಾ ಮನೆ ಮನೆ ಸುತ್ತುವ ಹೊತ್ತಿಗೇ ಹೊಯ್ಯುವುದು ಇಲ್ಲಿನ ಮಳೆಯ ಜಾಯಮಾನ. ಅಮೆರಿಕದ ವಿಡಿಯೋಗಳಲ್ಲಿ ತೋರಿಸುವ ಒಣಹುಲ್ಲಿನ ಪೆಂಡಿ, ಹತ್ತಿಯ ಜೇಡರಬಲೆ, ಕಾಗದದ ಬಾವಲಿ ಯಾವುದೂ ಒಂದು ಮಳೆಗೆ ತಡೆಯುವುದಿಲ್ಲ. ನೆಲವೂ ಬೇರೆ. ಅಲ್ಲಿ ಹುಲ್ಲುಹಾಸಿಗೆ ಗೂಟ ಹೊಡೆಯುತ್ತಾರೆ. ಇಲ್ಲಿ ಗೇಟಿನಿಂದ ಬಾಗಿಲವರೆಗೆ ಗ್ರಾನೈಟೋ ಟೈಲ್ಸೋ ಇರುತ್ತದೆ, ಮಣ್ಣೇನಿದ್ದರೂ ಕುಂಡದಲ್ಲಿ. ಹಾಗಾಗಿ ಕೆಳಗೆ ಹೇಳಿರುವುದೆಲ್ಲ ನೆನೆದರೂ ನಿಲ್ಲಬೇಕು, ಗೂಟವಿಲ್ಲದೆ ನಿಲ್ಲಬೇಕು, ಅದೇ ರಾತ್ರಿ ಬಿಚ್ಚಿ ಒಳಗಿಡಲು ಬರಬೇಕು ಎಂಬ ಲೆಕ್ಕದ್ದು. ಅದೇ ರಾತ್ರಿ ಯಾಕೆ ಅಂದರೆ, ಮಾರನೆ ಬೆಳಗ್ಗೆ ರಾಜ್ಯೋತ್ಸವ. ಬಾವುಟ ಹಾರಿಸುವ ಜಾಗದ ಪಕ್ಕ ಕತ್ತು ವಾಲಿದ ಪಿಶಾಚಿ ನಿಂತಿದ್ದರೆ ಅಸೋಸಿಯೇಷನ್‌ನವರು ಸುಮ್ಮನಿರುವುದಿಲ್ಲ.

ಬೊಂಬೆಗೆ ಮುಂಚೆ ಬೆಳಕು

ಬಟ್ಟೆ, ಬಣ್ಣಕ್ಕೆ ಕೈ ಹಾಕುವ ಮೊದಲು ಒಂದು ರಾತ್ರಿ ಏಳು ಗಂಟೆಗೆ ಗೇಟಿನಾಚೆ ನಿಂತು ನಿಮ್ಮ ಅಂಗಳವನ್ನು ನೋಡಿ. ಬೀದಿದೀಪದ ಬಿಳಿ ಬೆಳಕು ಎಲ್ಲಿಯವರೆಗೆ ಬೀಳುತ್ತದೆ, ಕಾಂಪೌಂಡಿನ ಕಂಬದ ನೆರಳು ಎಲ್ಲಿದೆ, ಕಾರು ನಿಂತರೆ ಏನು ಮರೆಯಾಗುತ್ತದೆ, ಇಷ್ಟನ್ನು ಗುರುತು ಮಾಡಿಕೊಳ್ಳಿ. ಬೊಂಬೆಯ ಜಾಗ ಆ ನೆರಳಿನೊಳಗೆ. ಅರ್ಧ ಕಂಡದ್ದು ಪೂರ್ತಿ ಕಂಡದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ. ಪೋರ್ಟಿಕೋದ ಟ್ಯೂಬ್‌ಲೈಟ್ ಕೆಳಗೆ ಎಷ್ಟು ಚೆನ್ನಾಗಿ ಮಾಡಿದ ದೆವ್ವವೂ ಬಟ್ಟೆ ಅಂಗಡಿಯ ಬೊಂಬೆಯೇ. ಆ ಟ್ಯೂಬ್‌ಲೈಟ್ ಆರಿಸಿ, ಮೆಟ್ಟಿಲು ಕಾಣುವಷ್ಟು ಮಾತ್ರ ಒಂದು ಜೀರೋ ಬಲ್ಬ್ ಹಾಕಿ.

ಬೊಂಬೆಗೆ ಬೇಕಾದ್ದು ಒಂದು 10 ವಾಟಿನ ಎಲ್‌ಇಡಿ ಫ್ಲಡ್‌ಲೈಟ್, ಐಪಿ 65 ಗುರುತಿನದು, ಅಂದರೆ ಮಳೆನೀರು, ಧೂಳು ಒಳಹೋಗದ್ದು. ಬೊಂಬೆಯಿಂದ ಮೂರು ನಾಲ್ಕು ಅಡಿ ಮುಂದೆ, ಸ್ವಲ್ಪ ಪಕ್ಕಕ್ಕೆ, ನೆಲದ ಮೇಲೆ ಮಲಗಿಸಿ ಮೇಲ್ಮುಖವಾಗಿ ಬೆಳಗಿಸಿ. ಮುಖಗಳನ್ನು ನಾವು ಯಾವಾಗಲೂ ಮೇಲಿನಿಂದ ಬಿದ್ದ ಬೆಳಕಿನಲ್ಲೇ ನೋಡಿರುತ್ತೇವೆ. ಕೆಳಗಿನಿಂದ ಬೆಳಕು ಬಂದಾಗ ಮೂಗು, ಹುಬ್ಬಿನ ನೆರಳು ತಲೆಕೆಳಗಾಗಿ, ಗುರುತಿನ ಮುಖವೂ ಗುರುತು ಸಿಗದ ಹಾಗಾಗುತ್ತದೆ. ಬಣ್ಣಕ್ಕೆ ನಾಟಕದವರು ಬಳಸುವ ಜಿಲೆಟಿನ್ ಪೇಪರ್ ಸಾಕು. ನೀಲಿ ಅಥವಾ ಹಸಿರು, ಎರಡು ಪದರ, ದೀಪದ ಲೋಹದ ಅಂಚಿಗೆ ಟೇಪಿನಿಂದ ಅಂಟಿಸಿ. ಹಳೆಯ ಹ್ಯಾಲೊಜೆನ್ ದೀಪಕ್ಕೆ ಇದನ್ನು ಕಟ್ಟಬೇಡಿ, ಕರಗಿ ಹೊಗೆಯಾಡುತ್ತದೆ. ಕೆಂಪು ಬಣ್ಣ ಎಲ್ಲರ ಮೊದಲ ಆಯ್ಕೆ, ಆದರೆ ಅದು ಕತ್ತಲೆಯಲ್ಲಿ ವಿವರವನ್ನೆಲ್ಲ ನುಂಗಿಹಾಕುತ್ತದೆ. ಇಡೀ ಅಂಗಳಕ್ಕೆ ಎರಡೇ ಬಣ್ಣ ಇಟ್ಟುಕೊಳ್ಳಿ: ಬೊಂಬೆಗೆ ಕೆಳಗಿನಿಂದ ನೀಲಿ, ಕುಂಬಳದೊಳಗಿಂದ ಕೇಸರಿ. ಬಣ್ಣಬಣ್ಣದ ಸೀರಿಯಲ್ ಸೆಟ್ ಸುತ್ತಿದರೆ ನೋಡಿದವರು ಮದುವೆ ಯಾರದ್ದು ಎಂದು ಕೇಳುತ್ತಾರೆ.

ಕರೆಂಟಿನ ವಿಷಯದಲ್ಲಿ ಸಡಿಲ ಬೇಡ. ಹೊರಗಿನ ಪ್ಲಗ್ ಪಾಯಿಂಟ್ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮೂಲಕ ಬರುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಎಕ್ಸ್‌ಟೆನ್ಷನ್ ಬಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಲದ ಮೇಲಿಡುವುದು ಎಲ್ಲರೂ ಮಾಡುವ ತಪ್ಪು. ಕವರಿನೊಳಗೇ ನೀರು ನಿಲ್ಲುತ್ತದೆ. ಬಾಕ್ಸನ್ನು ಸೂರಿನ ಕೆಳಗೆ, ಸೊಂಟದೆತ್ತರದಲ್ಲಿ ತೂಗುಹಾಕಿ. ಅದಕ್ಕೆ ಹೋಗುವ ವೈರು ಕೆಳಕ್ಕೆ ಜೋತು ಆಮೇಲೆ ಮೇಲೇರುವಂತಿರಲಿ, ಆಗ ವೈರು ಹಿಡಿದು ಹರಿದ ನೀರು ಪ್ಲಗ್ಗಿಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಣ್ಣಪುಟ್ಟ ದೀಪಗಳಿಗೆಲ್ಲ 12 ವೋಲ್ಟಿನ ಅಡಾಪ್ಟರ್ ಒಳಗಿಟ್ಟು ವೈರು ಮಾತ್ರ ಹೊರಗೆ ಎಳೆಯುವುದು ಒಳ್ಳೆಯದು.

ನಿಂತಿರುವ ಆಕೃತಿ: ಬೆರ್ಚಪ್ಪ

ಹೊಲದ ಬೆರ್ಚಪ್ಪನಿಗಿಂತ ಒಳ್ಳೆಯ ಚೌಕಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎರಡಿಂಚು ದಪ್ಪದ ಸರ್ವೆ ಗಳ ಏಳಡಿಯದು ಒಂದು, ತೋಳಿಗೆ ಮೂರೂವರೆ ಅಡಿಯ ಬಿದಿರು ಒಂದು, ಬುಡಕ್ಕೆ 20 ಲೀಟರಿನ ಖಾಲಿ ಪೇಂಟ್ ಬಕೆಟ್. ಬಕೆಟ್ಟಿನ ನಡುವೆ 63 ಎಂಎಂ ಪಿವಿಸಿ ಪೈಪಿನ ಒಂದಡಿ ತುಂಡನ್ನು, ತಳ ಟೇಪಿನಿಂದ ಮುಚ್ಚಿ, ನೆಟ್ಟಗೆ ನಿಲ್ಲಿಸಿ. ಸುತ್ತ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಸಣ್ಣ ಜಲ್ಲಿಯ ಕಾಂಕ್ರೀಟ್ ಹತ್ತು ಲೀಟರಿನಷ್ಟು ಹಾಕಿ. ಆರಿದ ಮೇಲೆ ಬುಡ ಸುಮಾರು 24 ಕೆ.ಜಿ. ತೂಗುತ್ತದೆ. ಮೂರು ದಿನ ನೀರು ಚಿಮುಕಿಸಿ, ಅಲ್ಲಿಯವರೆಗೆ ಗಳ ನಿಲ್ಲಿಸಬೇಡಿ. ಗಳವನ್ನು ಪೈಪಿನೊಳಗೆ ಇಳಿಸಿ ಸುತ್ತ ಮರದ ಚಕ್ಕೆ ಬಡಿದರೆ ಅಲುಗದು. ಚಕ್ಕೆ ಕಿತ್ತರೆ ಬಿಡಿಬಿಡಿಯಾಗಿ ಒಳಗೆ ಹೋಗುತ್ತದೆ. ಕಾಂಕ್ರೀಟ್ ತಾಪತ್ರಯ ಬೇಡವೆಂದರೆ ಬಕೆಟ್ ತುಂಬ ಜಲ್ಲಿ ತುಂಬಬಹುದು. ಬರೀ ಮರಳು ತುಂಬಿದರೆ ಗಾಳಿಗೆ ಗಳ ಅಲ್ಲಾಡಿ ಅಲ್ಲಾಡಿ ಗುಳಿ ಅಗಲವಾಗುತ್ತಾ ಹೋಗಿ, ನಡುರಾತ್ರಿ ಹೊತ್ತಿಗೆ ಬೆರ್ಚಪ್ಪ ವಾಲಿರುತ್ತಾನೆ.

ತೋಳಿನ ಬಿದಿರನ್ನು ಬೈಂಡಿಂಗ್ ವೈರಿನಿಂದ ಕತ್ತರಿಯಾಕಾರದಲ್ಲಿ ನಾಲ್ಕು ಸುತ್ತು ಕಟ್ಟಿ, ಆಮೇಲೆ ಗಳ ಮತ್ತು ಬಿದಿರಿನ ಸಂದಿನಲ್ಲಿ ಅದೇ ವೈರನ್ನು ಅಡ್ಡಲಾಗಿ ಎರಡು ಸುತ್ತು ತಂದು ಇಕ್ಕಳದಿಂದ ಬಿಗಿಯಿರಿ. ಈ ಅಡ್ಡ ಸುತ್ತು ಬಿಟ್ಟರೆ ನೆನೆದ ಬಟ್ಟೆಯ ಭಾರಕ್ಕೆ ತೋಳು ಇಳಿದುಬಿಡುತ್ತದೆ. ನೈಲಾನ್ ಹಗ್ಗ ಜಾರುತ್ತದೆ, ಬೇಡ.

ಇಲ್ಲಿಯವರೆಗೆ ಹೊಲದ ಬೆರ್ಚಪ್ಪನೇ. ಇನ್ನು ಅವನನ್ನು ಕೆಡಿಸಬೇಕು. ಒಂದು ಭುಜವನ್ನು ಇನ್ನೊಂದಕ್ಕಿಂತ ನಾಲ್ಕಿಂಚು ಕೆಳಗೆ ಬರುವಂತೆ ಬಿದಿರನ್ನು ಓರೆ ಕಟ್ಟಿ. ಕೈ ಮೊಣಕಾಲಿನವರೆಗೆ ಇಳಿದಿರಲಿ. ಬೆರಳಿಗೆ 14 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಒಂದೊಂದೂ ಒಂಬತ್ತಿಂಚು, ಮೂರು ಕಡೆ ಗೆಣ್ಣಿನಂತೆ ಬಗ್ಗಿಸಿ, ಹಳೆ ಬನಿಯನ್ನಿನ ಪಟ್ಟಿಯನ್ನು ವಾಟರ್‌ಪ್ರೂಫ್ ಫೆವಿಕಾಲ್‌ನಲ್ಲಿ ಅದ್ದಿ ಸುತ್ತಿ. ಮಾಮೂಲಿ ಬಿಳಿ ಫೆವಿಕಾಲ್ ಒಣಗಿದ ಮೇಲೂ ನೀರು ಬಿದ್ದರೆ ಮೆತ್ತಗಾಗುತ್ತದೆ. ಮೈದಾ ಅಂಟಂತೂ ಇರುವೆಗೆ ಹಬ್ಬ.

ತಲೆಗೆ ಎಂಟಿಂಚಿನ ಮಣ್ಣಿನ ಮಡಕೆ. ಗಳದ ತುದಿಗೆ ದಪ್ಪಗೆ ಬಟ್ಟೆ ಸುತ್ತಿ ಬೋರಲು ಕೂರಿಸಿ. ಬಟ್ಟೆಯಿಲ್ಲದಿದ್ದರೆ ಗಾಳಿಗೆ ಲಟಲಟ ಬಡಿದು ಸೀಳುತ್ತದೆ. ಒಂದು ಬದಿ ಹೆಚ್ಚು ಬಟ್ಟೆ ಸುತ್ತಿದರೆ ತಲೆ ತಾನಾಗಿ ವಾಲುತ್ತದೆ, ಆ ವಾಲಿಕೆಯೇ ಕುತ್ತಿಗೆ ಮುರಿದವನ ಕಳೆ ಕೊಡುತ್ತದೆ. ಒಳಗೆ ದೀಪ ಇಡುವುದಾದರೆ ಕಣ್ಣಿನ ತೂತು ಬೇಕು. ಕಂಟೋನ್ಮೆಂಟ್ ಕಡೆಯ ಪಾಟರಿ ಟೌನಿನಲ್ಲಿ ಕುಂಬಾರರನ್ನು ಮುಂಚೆಯೇ ಕಂಡು ಹಸಿಮಣ್ಣಿನಲ್ಲೇ ಕತ್ತರಿಸಿ ಸುಟ್ಟುಕೊಡಲು ಕೇಳಬಹುದು, ಅದು ಎಲ್ಲಕ್ಕಿಂತ ಸಲೀಸು. ಮನೆಯಲ್ಲೇ ಕೊರೆಯುವುದಾದರೆ ಮಡಕೆಯನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, 6 ಎಂಎಂ ಟೈಲ್ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಕಣ್ಣಿನ ಗೆರೆಯುದ್ದಕ್ಕೂ ಒತ್ತೊತ್ತಾಗಿ ತೂತು ಹಾಕಿ, ಆಮೇಲೆ ಅರದಿಂದ ತಿದ್ದಿ. ಹ್ಯಾಮರ್ ಆನ್ ಇದ್ದರೆ ಮೊದಲ ತೂತಿಗೇ ಬಿರುಕು ಬಾಯಿಯವರೆಗೆ ಓಡುತ್ತದೆ. ಬಾಯಿ, ಹಲ್ಲು ಬಿಡಿಸಲು ಹೋಗಬೇಡಿ. ಕಪ್ಪು ಮ್ಯಾಟ್ ಬಣ್ಣ, ಎರಡು ತೂತು ಅಷ್ಟೇ ಇದ್ದರೆ ಉಳಿದದ್ದನ್ನು ನೋಡುವವರೇ ಊಹಿಸಿಕೊಳ್ಳುತ್ತಾರೆ.

ಬಟ್ಟೆ ತೆಳುವಾದ ಹಳೆ ಹತ್ತಿಯದಿರಲಿ. ನಾಲ್ಕು ಲೀಟರ್ ಕುದಿಯುವ ನೀರಿಗೆ 100 ಗ್ರಾಂ ಟೀ ಪುಡಿ ಹಾಕಿ, ಅರ್ಧ ಗಂಟೆ ಬಟ್ಟೆ ನೆನೆಸಿ, ಹಿಂಡದೆ ಮುದ್ದೆ ಮಾಡಿ ಒಣಗಲು ಬಿಟ್ಟರೆ ಮಾಸಲು ಕಲೆಗಳು ಏರುಪೇರಾಗಿ ಕೂರುತ್ತವೆ. ಪಾಲಿಯೆಸ್ಟರ್ ಈ ಬಣ್ಣ ಹೀರುವುದಿಲ್ಲ. ಅಂಚನ್ನು ಕತ್ತರಿಯಿಂದ ಕತ್ತರಿಸಬೇಡಿ, ತಂತಿ ಬ್ರಷ್ಷಿನಿಂದ ಕೆರೆದು ಹರಿಯಿರಿ. ಬೆನ್ನಿನ ಕಡೆ ಆರಿಂಚಿನ ನಾಲ್ಕೈದು ಸೀಳು ಹಾಕಿದರೆ ಗಾಳಿ ಆಚೆ ಹೋಗುತ್ತದೆ, ಬಕೆಟ್ ಮಗುಚುವ ಭಯವಿಲ್ಲ.

ತೇಲುವ ದೆವ್ವ, ಪ್ಯಾಕಿಂಗ್ ಟೇಪಿನದು

ಮಳೆಯಲ್ಲಿ ಇನ್ನೂ ಚೆನ್ನಾಗಿ ಕಾಣುವುದು ಇದೊಂದೇ. ಪಾರದರ್ಶಕ ಮೈಮೇಲೆ ಹನಿಗಳು ಬೆಳಕು ಹಿಡಿಯುತ್ತವೆ. ತಲೆಯಿಂದ ಸೊಂಟದವರೆಗಿನ ಆಕೃತಿಗೆ ಎರಡಿಂಚು ಅಗಲ, 65 ಮೀಟರಿನ ಪಾರದರ್ಶಕ ಟೇಪ್ ನಾಲ್ಕು ರೋಲ್, ಸ್ಟ್ರೆಚ್ ಫಿಲ್ಮ್ (ಪ್ಯಾಕಿಂಗಿಗೆ ಸುತ್ತುವ ತೆಳು ಪ್ಲಾಸ್ಟಿಕ್) ಒಂದು ರೋಲ್ ಇಟ್ಟುಕೊಳ್ಳಿ. ಅಚ್ಚಿಗೆ ಬಟ್ಟೆ ಅಂಗಡಿಯ ಬೊಂಬೆ ಸಿಕ್ಕರೆ ಸರಿ, ಇಲ್ಲದಿದ್ದರೆ ಶರ್ಟಿಗೆ ದಿಂಬು ತುರುಕಿ, ತಲೆಗೆ ಫುಟ್‌ಬಾಲ್ ಇಡಿ. ಮನುಷ್ಯರ ಮೈಗೆ ಸುತ್ತುವುದು ವಿಡಿಯೋಗಳಲ್ಲಿ ಕಾಣುತ್ತದೆ. ಕತ್ತು, ಎದೆ, ಮುಖಕ್ಕೆ ಅದು ಅಪಾಯ, ಮಕ್ಕಳ ಮೇಲಂತೂ ಬೇಡವೇ ಬೇಡ.

ಮೊದಲು ಫಿಲ್ಮ್ ಎರಡು ಸುತ್ತು. ಅದರ ಮೇಲೆ ಟೇಪನ್ನು ಸುತ್ತುತ್ತಾ ಹೋಗಬೇಡಿ. ಸುತ್ತಿದರೆ ಬಿಗಿದುಕೊಂಡು ಆಕಾರ ಸೊಟ್ಟಗಾಗುತ್ತದೆ, ಬಿಡಿಸಲೂ ಬರುವುದಿಲ್ಲ. ಗೇಣುದ್ದದ ತುಂಡು ಮಾಡಿ, ಒಂದರ ಮೇಲೊಂದು ಅರ್ಧ ಬರುವಂತೆ ಅಂಟಿಸಿ. ಮೊದಲ ಪದರ ಅಡ್ಡ, ಎರಡನೆಯದು ಉದ್ದ, ಮೂರನೆಯದು ಮತ್ತೆ ಅಡ್ಡ. ಎರಡೇ ಪದರಕ್ಕೆ ನಿಲ್ಲಿಸಿದರೆ ನೇತುಹಾಕಿದ ಸ್ವಲ್ಪ ಹೊತ್ತಿಗೇ ಭುಜ ಕುಸಿಯುತ್ತದೆ. ಬೆನ್ನಿನುದ್ದಕ್ಕೂ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ, ಬಾಳೆದಿಂಡಿನ ಸಿಪ್ಪೆ ಬಿಡಿಸುವಂತೆ ಮೆಲ್ಲಗೆ ಬಿಡಿಸಿ, ಸೀಳಿಗೆ ಮತ್ತೆ ಟೇಪ್ ಹಾಕಿ. ಎಲ್ಲಾದರೂ ಅಂಟು ಹೊರಗೆ ಕಂಡರೆ ಪೌಡರ್ ಉಜ್ಜಿ, ಇಲ್ಲದಿದ್ದರೆ ಒಂದೇ ದಿನಕ್ಕೆ ರಸ್ತೆಯ ಧೂಳೆಲ್ಲ ಅಲ್ಲೇ. ಸೊಂಟದಿಂದ ಕೆಳಗೆ ಹಳೆಯ ಬಿಳಿ ಪಂಚೆಯ ಹರಕು ಪಟ್ಟಿಗಳು ಜೋತಾಡಲಿ.

ನೇತುಹಾಕಲು ಗಾಳದ ದಾರ. ಒಂದೇ ದಾರಕ್ಕೆ ಕಟ್ಟಿದರೆ ಗಿರಗಿರ ತಿರುಗಿ ನಗು ಬರಿಸುತ್ತದೆ. ಎರಡು ಭುಜಕ್ಕೆ ಎರಡು ದಾರ ಕಟ್ಟಿದರೆ ನಿಧಾನ ತೂಗುತ್ತದೆ, ಅದು ಬೇಕಾದ್ದು. ದಾರವನ್ನು ಕಾಂಪೌಂಡಿನೊಳಗೇ, ತಲೆಗಿಂತ ಎತ್ತರದಲ್ಲಿ ಮುಗಿಸಿ. ಓಡಾಡುವ ದಾರಿಗೆ ಅಡ್ಡವಾಗಿ, ಮರದಿಂದ ರಸ್ತೆಯಾಚೆಗೆ ಎಂದೂ ಕಟ್ಟಬೇಡಿ; ಕತ್ತಲಲ್ಲಿ ಬೈಕಿನವರ ಕತ್ತಿಗೆ ಗಾಳಿಪಟದ ಮಾಂಜಾ ದಾರದಷ್ಟೇ ಕೆಟ್ಟದ್ದು.

ಕುಂಬಳ

ಹ್ಯಾಲೋವೀನ್‌ಗೆ ಮುಖ ಕೊರೆದು ಒಳಗೆ ದೀಪ ಇಡುತ್ತಾರಲ್ಲ, ಐರ್ಲೆಂಡಿನಲ್ಲಿ ಅದಕ್ಕೆ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ವಲಸೆ ಹೋದವರ ಕೈಗೆ ಅಮೆರಿಕದಲ್ಲಿ ಸಿಕ್ಕಿದ್ದು ಕುಂಬಳ. ಹಾಗಾಗಿ ಬೆಂಗಳೂರಿನವರು ಬೂದುಗುಂಬಳ ಕೊರೆದರೆ ಸಂಪ್ರದಾಯ ಕೆಡುವುದೇನಿಲ್ಲ. ಕೇಸರಿ ಬೆಳಕು ಬೇಕೆಂದರೆ ಸಿಹಿಗುಂಬಳ. ನಮ್ಮದು ಚಪ್ಪಟೆ, ತಿರುಳು ದಪ್ಪ, ಒಳಗಿನ ಪೊಳ್ಳು ಕಡಿಮೆ. ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಹಾಪ್‌ಕಾಮ್ಸ್ ತರಕಾರಿ ಮಳಿಗೆಯಲ್ಲಾಗಲಿ ಐದಾರು ಕೆ.ಜಿ.ಯ, ಬಡಿದರೆ ಟೊಳ್ಳು ಸದ್ದು ಬರುವ ಕಾಯಿ ಆರಿಸಿ. ಸೀಳಿಟ್ಟದ್ದು ಬೇಡ.

ಮುಚ್ಚಳವನ್ನು ತಳದಲ್ಲಿ ಕತ್ತರಿಸಿ, ಮೇಲಿನಿಂದಲ್ಲ. ತೊಟ್ಟು ಹಾಗೇ ಉಳಿಯುತ್ತದೆ, ಮಳೆನೀರು ಒಳಗಿಳಿಯುವುದಿಲ್ಲ, ದೀಪದ ಮೇಲೆ ಕಾಯಿಯನ್ನು ಸುಮ್ಮನೆ ಬೋರಲು ಹಾಕಿದರಾಯಿತು. ಮುಖ ಬರುವ ಕಡೆ ಗೋಡೆಯನ್ನು ಚಮಚದಿಂದ ಎರಡು ಸೆಂಟಿಮೀಟರ್ ದಪ್ಪಕ್ಕೆ ಕೆರೆಯಿರಿ. ಅದಕ್ಕಿಂತ ದಪ್ಪವಿದ್ದರೆ ಕಣ್ಣು ಸುರಂಗದಂತೆ ಕಂಡು ಪಕ್ಕದಿಂದ ಬೆಳಕೇ ಕಾಣುವುದಿಲ್ಲ. ತೆಳುವಾದರೆ ಮರುದಿನಕ್ಕೆ ಮುದುಡುತ್ತದೆ. ಕೆರೆದ ತಿರುಳು ಪಲ್ಯಕ್ಕೆ. ಕತ್ತರಿಸಲು ಅಡುಗೆಮನೆಯ ದೊಡ್ಡ ಚಾಕು ಬೇಡ, ಸಿಕ್ಕಿಹಾಕಿಕೊಂಡು ಜಾರಿ ಕೈಗೆ ಬರುತ್ತದೆ. ಹ್ಯಾಕ್ಸಾ ಬ್ಲೇಡಿನ ಅರ್ಧ ತುಂಡಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು ಗರಗಸದಂತೆ ಎಳೆಯಿರಿ.

ಕೊಯ್ದ ಕಾಯಿಗೆ ಈ ತೇವದ ಹವೆಯಲ್ಲಿ ಮೂರು ನಾಲ್ಕು ದಿನಕ್ಕೇ ಬೂಷ್ಟು. ಹಿಂದಿನ ದಿನ ಕೊರೆಯುವುದೇ ಸರಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ದ್ರಾವಣ ಬೆರೆಸಿ ಒಳಗೆ ಒರೆಸಿ, ಒಣಗಿದ ಮೇಲೆ ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿದರೆ ಇನ್ನೊಂದೆರಡು ದಿನ ತಡೆಯುತ್ತದೆ. ಬ್ಲೀಚಿನ ಜೊತೆ ಟಾಯ್ಲೆಟ್ ಕ್ಲೀನರ್ ಆಸಿಡ್ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಬೂದುಗುಂಬಳದ ತಿರುಳಿನಲ್ಲಿ ನೀರೇ ಶೇಕಡ 95ರ ಆಸುಪಾಸು. ಹಾಗಾಗಿ ಅದನ್ನು ಆ ದಿನ ಮಧ್ಯಾಹ್ನವೇ ಕೊರೆಯಬೇಕು. ಮೇಲಿನ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಕೈ ಜಾರುತ್ತದೆ. ಪೂರ್ತಿ ತೂತು ಮಾಡದೆ ಹಸಿರು ಸಿಪ್ಪೆಯನ್ನಷ್ಟೇ ಕಣ್ಣು, ಹಲ್ಲಿನ ಆಕಾರದಲ್ಲಿ ಕೆತ್ತಿ ತೆಗೆದು, ಒಳಗಿನಿಂದ ತಿರುಳು ತೆಳುವು ಮಾಡಿದರೆ ಬಿಳಿ ತಿರುಳಿನ ಮೂಲಕ ಬೆಳಕು ಸೋಸಿ ಬರುತ್ತದೆ. ತಲೆಬುರುಡೆಗೆ ಇದಕ್ಕಿಂತ ಹೊಂದುವ ಕಾಯಿಯಿಲ್ಲ. ಒಳಗೆ ಹಣತೆ ಇಟ್ಟರೆ ಮೇಲ್ಭಾಗ ಬೆಂದು ಕುಸಿಯುತ್ತದೆ. ಎಲ್‌ಇಡಿಯೇ ಇರಲಿ, ಸಣ್ಣ ಟೀ ಲೈಟ್ ಆದರೆ ಮೂರು ಬೇಕು.

ಪೊದೆಯೊಳಗಿನ ಕಣ್ಣು

ಖರ್ಚು ಕಡಿಮೆ, ಫಲ ಜಾಸ್ತಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ 5 ಎಂಎಂ ಕೆಂಪು ಎಲ್‌ಇಡಿ, ಕರೆಂಟನ್ನು ಮಿತಿಯಲ್ಲಿಡುವ 220 ಓಮ್ ರೆಸಿಸ್ಟರ್, ಮೂರು ಸೆಲ್ಲಿನ ಬಾಕ್ಸ್ ಬಿಡಿಬಿಡಿಯಾಗಿ ಸಿಗುತ್ತವೆ. ಪ್ರತಿ ಎಲ್‌ಇಡಿಗೂ ಬೇರೆ ರೆಸಿಸ್ಟರ್ ಹಾಕಿ. ಎರಡಕ್ಕೂ ಸೇರಿ ಒಂದೇ ಹಾಕಿದರೆ ಒಂದು ಕಣ್ಣು ಪ್ರಕಾಶವಾಗಿ ಇನ್ನೊಂದು ಮಂಕಾಗಬಹುದು. 4.5 ವೋಲ್ಟಿಗೆ ಒಂದೊಂದು ಎಲ್‌ಇಡಿ ಸುಮಾರು 11 ಮಿಲಿಆಂಪ್ ಎಳೆಯುತ್ತದೆ, ಪೆನ್ ಸೆಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಸೆಲ್ ಬದಲು ಪವರ್‌ಬ್ಯಾಂಕ್ ಸಿಕ್ಕಿಸುವವರು ಎಡವುವುದು ಇಲ್ಲೇ: ಇಷ್ಟು ಕಡಿಮೆ ಕರೆಂಟಿಗೆ ಬಹಳಷ್ಟು ಪವರ್‌ಬ್ಯಾಂಕ್‌ಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ಆಫ್ ಆಗುತ್ತವೆ.

ಎಲ್‌ಇಡಿಯ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿದರೆ ಬೆಳಕು ಎಲ್ಲ ಕಡೆಯಿಂದಲೂ ಕಾಣುತ್ತದೆ. ಜೋಡಿಯ ನಡುವೆ ಆರರಿಂದ ಹತ್ತು ಸೆಂಟಿಮೀಟರ್, ನೆಲದಿಂದ ಒಂದೂವರೆ ಅಡಿ ಎತ್ತರ, ಮುಂದೆ ಎರಡು ಮೂರು ಎಲೆ ಅಡ್ಡ. ನಡೆಯುತ್ತಾ ಹೋಗುವವರಿಗೆ ಎಲೆ ಅಡ್ಡಬಂದು ಕಣ್ಣು ಮಿಟುಕಿಸಿದಂತೆ ಕಾಣುತ್ತದೆ, ಬೇರೆ ಸರ್ಕ್ಯೂಟ್ ಬೇಕಿಲ್ಲ. ಮೂರು ಜೋಡಿ ಸಾಕು. ಹತ್ತು ಜೋಡಿ ಇಟ್ಟರೆ ಸೀರಿಯಲ್ ಸೆಟ್ಟೇ.

ಉಳಿದದ್ದು

ಗೋರಿಕಲ್ಲಿಗೆ ಥರ್ಮಾಕೋಲ್ ತರಬೇಡಿ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧದ ಪಟ್ಟಿಯಲ್ಲಿದೆ. ಫ್ರಿಜ್ಜಿನ ರಟ್ಟಿನ ಡಬ್ಬದಿಂದ ಮೂರು ಪದರ ಅಂಟಿಸಿ, ಅಂಚಿಗೆ ಟೇಪ್ ಹಾಕಿ, ಮೇಲೆ ಹಳೆ ಬಟ್ಟೆ ಮೆತ್ತಿ, ಹೊರಗೋಡೆಯ ಎಮಲ್ಷನ್ ಎರಡು ಕೋಟ್ ಹೊಡೆದರೆ ಒಂದು ರಾತ್ರಿಯ ಮಳೆ ತಡೆಯುತ್ತದೆ. ನೀರು ಏರುವುದು ಬುಡದಿಂದ. ತಳಕ್ಕೆ ಮೂರು ಕೋಟ್ ಕೊಟ್ಟು ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿ. ಶಿಲುಬೆ, ಯಾವ ಧರ್ಮದ ಗುರುತೂ ಬೇಡ. ಬರಹ ತಮಾಷೆಯದಿರಲಿ: ‘ಸಿಲ್ಕ್ ಬೋರ್ಡಿನಲ್ಲಿ ಹಸಿರು ದೀಪಕ್ಕೆ ಕಾಯುತ್ತಾ ಮಲಗಿದವನು’.

ಗೇಟಿಗೆ ‘ನಾಳೆ ಬಾ’ ಬರೆಯದಿದ್ದರೆ ಬೆಂಗಳೂರಿನ ಹ್ಯಾಲೋವೀನ್ ಅಪೂರ್ಣ. 1990ರ ದಶಕದಲ್ಲಿ ಬಾಗಿಲು ತಟ್ಟುವ ದೆವ್ವಕ್ಕೆಂದು ಮನೆ ಮನೆಯ ಮೇಲೆ ಕಾಣುತ್ತಿದ್ದ ಬರಹ ಅದು. ಬಟ್ಟೆ ಒಗೆಯುವ ಲಿಕ್ವಿಡ್‌ನಲ್ಲಿ ಬ್ರಷ್ ಅದ್ದಿ ಕಪ್ಪು ಬಟ್ಟೆಯ ಮೇಲೆ ಬರೆದು ಒಣಗಿಸಿ. ಸಾಮಾನ್ಯ ಬೆಳಕಿನಲ್ಲಿ ಹೆಚ್ಚೇನೂ ಕಾಣದು; ಯುವಿ (ನೇರಳಾತೀತ) ಬಲ್ಬ್ ಹಾಕಿದರೆ ಅಕ್ಷರ ನೀಲಿಯಾಗಿ ಹೊಳೆಯುತ್ತದೆ, ಏಕೆಂದರೆ ಬಹಳಷ್ಟು ಡಿಟರ್ಜೆಂಟ್‌ಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಿಸುವ ಹೊಳಪುಕಾರಕ ಇರುತ್ತದೆ. ಮೊದಲು ಮನೆಯಲ್ಲಿರುವುದನ್ನು ಪರೀಕ್ಷಿಸಿ. ಮಳೆಗೆ ತೊಳೆದುಹೋಗುತ್ತದೆ, ಸೂರಿನ ಕೆಳಗೇ ಇರಲಿ.

ಹೊಗೆಗೆ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್, ತರುವವರಿಗೆ: ಒಂದು ಕೆ.ಜಿ. ಆವಿಯಾದರೆ ಸುಮಾರು 500 ಲೀಟರ್ ಅನಿಲ. ಕಿಟಕಿ ಮುಚ್ಚಿದ ಕಾರಿನಲ್ಲಿ ತರಬೇಡಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಬೇಡಿ, ಮೈನಸ್ 78 ಡಿಗ್ರಿಯದನ್ನು ಬರಿಗೈಲಿ ಮುಟ್ಟಬೇಡಿ. ಬಿಸಿನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಇಷ್ಟೆಲ್ಲ ಮಾಡಿದರೂ ಗಾಳಿ ಬೀಸಿದರೆ ಹೊಗೆ ಪಕ್ಕದ ಮನೆಯದ್ದು. ತೆರೆದ ಅಂಗಳಕ್ಕೆ ಈ ಖರ್ಚು ದಂಡ. ಮೂರು ಕಡೆ ಗೋಡೆಯಿರುವ ಕಾರ್ ಪಾರ್ಕಿಂಗಿಗೆ ಬಾಡಿಗೆಯ ಸ್ಮೋಕ್ ಮಷೀನ್ ವಾಸಿ. ಹತ್ತಿಯ ಜೇಡರಬಲೆಯನ್ನು ಗಿಡಗಳ ಮೇಲೆ ಎಳೆಯಲೇಬೇಡಿ: ಸೂರಕ್ಕಿ, ಜೇನ್ನೊಣ ಸಿಕ್ಕಿಕೊಂಡು ಸಾಯುತ್ತವೆ. ದಪ್ಪ ಸೆಣಬಿನ ಹಗ್ಗದಲ್ಲಿ ಗೇಣಗಲದ ಕಣ್ಣಿನ ಬಲೆ ಹೆಣೆದರೆ ದೂರಕ್ಕೂ ಕಾಣುತ್ತದೆ.

ನಿಂಬೆಹಣ್ಣು, ಕುಂಕುಮ, ಅರಿಶಿನ, ಕೂದಲು ಯಾವುದನ್ನೂ ಅಲಂಕಾರಕ್ಕೆ ಬಳಸಬೇಡಿ. ಪಕ್ಕದ ಮನೆಯವರಿಗೆ ಅದು ಹ್ಯಾಲೋವೀನ್ ಅಲ್ಲ, ಮಾಟ. ಜಗಳ ನಿಜವಾಗಿಯೂ ಆಗುತ್ತದೆ. ಆ ವರ್ಷ ಸಾವಾದ ಮನೆ ಎದುರಿಗಿದ್ದರೆ ಬಿಳಿಬಟ್ಟೆಯ ಆಕೃತಿಯನ್ನು ಕೈಬಿಡಿ. ಸೆನ್ಸರ್ ತಾಗಿದೊಡನೆ ಕಿರುಚುವ ಬೊಂಬೆಯಿದ್ದರೆ ಅದರ ಮುಖ ಒಳಗಡೆಗಿರಲಿ, ರಸ್ತೆಯ ಕಡೆಗಿದ್ದರೆ ಸ್ಕೂಟರಿನವರು ಬೆಚ್ಚಿಬೀಳುತ್ತಾರೆ.

ಬಿಚ್ಚುವಾಗ ಮೊದಲು ಮೇನ್ ಆಫ್, ಆಮೇಲೆ ವೈರು, ಕೊನೆಗೆ ಬೊಂಬೆ. ಸೆಲ್ಲುಗಳನ್ನು ಬಾಕ್ಸಿನಿಂದ ತೆಗೆದಿಡಿ, ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತವೆ. ಕುಂಬಳವನ್ನು ತುಂಡು ಮಾಡಿ ಹಸಿ ಕಸಕ್ಕೆ ಹಾಕಿ, ರಸ್ತೆಗೆ ಎಸೆದರೆ ಆಯುಧಪೂಜೆಯ ಮಾರನೆ ದಿನದಂತೆ ಬೈಕುಗಳು ಜಾರುತ್ತವೆ. ಬಟ್ಟೆ ಪೂರ್ತಿ ಒಣಗಿದ ಮೇಲೆಯೇ ಮಡಚಿ. ಕಾಂಕ್ರೀಟ್ ಬಕೆಟ್ ಹೊರಗೇ ಉಳಿಯುವುದಾದರೆ ಅದರ ಪೈಪಿನ ಬಾಯಿಗೊಂದು ಮುಚ್ಚಳ ಹಾಕಿ, ಮಡಕೆಯನ್ನು ಬೋರಲು ಇಡಿ. ನವೆಂಬರಿನ ಮಳೆ ನೀರು ಅದರಲ್ಲಿ ನಿಂತರೆ ಸೊಳ್ಳೆ ಮರಿ ಮಾಡುತ್ತದೆ.